ಬಜೆಯ ಕೆರೆಗೆ ಕಾಲಿಟ್ಟವಳು

ಬಹಳ ಹಿಂದೆ, ಮೃಗಪಕ್ಷಿಗಳೂ ಮನುಷ್ಯರೊಡನೆ ವಾದ ಮಾಡುತ್ತಿದ್ದ ಕಾಲದಲ್ಲಿ, ನುಡಿಗೆರೆ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಅದೇ ಹೆಸರಿನ ಕೆರೆಯಿತ್ತು. ಕೆರೆಯ ನಡುನೀರು ಆಳ. ಅಂಚಿನಲ್ಲಿ ಮಾತ್ರ ಬಹು ದೂರದವರೆಗೆ ಹಿಮ್ಮಡಿ ಮುಳುಗುವಷ್ಟೇ ನೀರು, ಅದರಡಿ ಮೆತ್ತನೆಯ ಕೆಸರು. ಆ ಅಂಚಿನ ಉದ್ದಕ್ಕೂ ಬಜೆ ಬೆಳೆಯುತ್ತಿತ್ತು. ಕತ್ತಿಯ ಅಲಗಿನಂಥ ಎಲೆ, ಕೆಸರಿನೊಳಗೆ ಮಲಗಿ ತೆವಳುವ ಗಂಟುಗಂಟಾದ ಬೇರು, ಮುರಿದರೆ ನೇರವಾಗಿ ನೆತ್ತಿಗೇರುವ ಘಾಟು. ಒಮ್ಮೆ ಊರಿದರೆ ವರ್ಷ ವರ್ಷವೂ ತಾನೇ ಚಿಗುರುವ ಗಿಡ ಅದು.

ನುಡಿಗೆರೆಯಲ್ಲಿ ಮಗು ಹುಟ್ಟಿದರೆ ಬಜೆಯ ಬೇರನ್ನು ತಾಯಿಯ ಹಾಲಿನಲ್ಲಿ ತೇಯ್ದು ನಾಲಿಗೆಗೆ ಸವರುತ್ತಿದ್ದರು. ಮಾತು ಸ್ಪಷ್ಟವಾಗಲೆಂದು ಬೇರೆ ಕಡೆಯವರೂ ಹೀಗೆ ಮಾಡುವುದುಂಟು. ಬೇರೆ ಕಡೆ ಅದು ನಂಬಿಕೆ, ನುಡಿಗೆರೆಯಲ್ಲಿ ನಿಯಮ. ಅಲ್ಲಿ ಬಜೆ ಮುಟ್ಟದ ನಾಲಿಗೆಗೆ ಮಾತು ಬರುತ್ತಿರಲಿಲ್ಲ.

ಮಳೆಗಾಲದ ಮೊದಲಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ ಕೆರೆಯಂಚಿಗೆ ಇಳಿಯುತ್ತಿದ್ದರು. ಕಳೆ ಕೀಳುತ್ತಿದ್ದರು. ಕಳೆಯೊಡನೆ ಸಡಿಲಗೊಂಡ ಬಜೆಯ ಬುಡವನ್ನು ಹಿಮ್ಮಡಿಯಿಂದ ಕೆಸರಿಗೆ ಒತ್ತುತ್ತಿದ್ದರು. ಹಾಗೆ ಒತ್ತದಿದ್ದರೆ ಬೇರು ಮೇಲೆದ್ದು ತೇಲಿ ಕೊಳೆಯುತ್ತದೆ. ಬುಡ ದಟ್ಟವಾದಾಗ ಸೀಳಿ, ಚಿಗುರಿರುವ ತುಂಡನ್ನು ಮತ್ತೊಂದೆಡೆ ಊರಿ, ಅದನ್ನೂ ತುಳಿಯುತ್ತಿದ್ದರು. ಇದು ಯಾರೊಬ್ಬರ ಗುಟ್ಟೂ ಆಗಿರಲಿಲ್ಲ. ಅರಮನೆಯಿಂದ ಗುಡಿಸಿಲಿನವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮುಂದೆ ಅವರೆಲ್ಲರೂ ತಮಗೆ ಗೊತ್ತಿರಲಿಲ್ಲ ಎಂದುಬಿಟ್ಟರು.

ಹೀಗಿರುವಾಗ ಜಿಹ್ವಾಸಿದ್ಧನೆಂಬ ಮಾಂತ್ರಿಕ ಆ ರಾಜ್ಯಕ್ಕೆ ಬಂದ. ಕೆರೆಯ ಏರಿಯ ಮೇಲೆ ನಿಂತು ಕೆಸರಿನಲ್ಲಿದ್ದ ಹೆಂಗಸರನ್ನು ನೋಡಿದ. ನೋಡಿ ಎರಡೂ ಕಿವಿ ಮುಚ್ಚಿಕೊಂಡ. ಬಳಿಕ ರಾಜ ಇರಿವಮಲ್ಲನ ಸಭೆಗೆ ಹೋಗಿ ಗದ್ಗದ ದನಿಯಲ್ಲಿ ಕೇಳಿದ:

"ಮಹಾರಾಜ, ಬಜೆ ಮಾತಿನ ಬೇರು. ಮಾತೆಂದರೆ ವಾಗ್ದೇವಿ. ನಿನ್ನ ಪ್ರಜೆಗಳು ವಾಗ್ದೇವಿಯನ್ನು ಕಾಲಿನಿಂದ ತುಳಿಯುತ್ತಿದ್ದಾರೆ. ಕಂಡೂ ಸುಮ್ಮನಿದ್ದೀಯಾ?"

ಓಲೆಗರಿಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಆ ಸಭೆಯವರು. ಪ್ರತಿಯೊಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಇಷ್ಟು ವರ್ಷ ತಮ್ಮನ್ನು ಹೊತ್ತು ತಿರುಗಿದ ಕಾಲುಗಳು ಆ ಕ್ಷಣದಲ್ಲಿ ಅವರಿಗೆ ಅಸಹ್ಯವಾದವು.

ಜಿಹ್ವಾಸಿದ್ಧ ಕತೆಯೊಂದನ್ನೂ ಹೇಳಿದ. ಯುಗದ ಆದಿಯಲ್ಲಿ ವಾಗ್ದೇವಿ ಈ ಕೆರೆಯ ಮೇಲೆ ಹಾದುಹೋಗುವಾಗ ಅವಳ ನಾಲಿಗೆಯಿಂದ ಅಮೃತದ ಹನಿಯೊಂದು ಜಾರಿತಂತೆ, ಅದೇ ಬಜೆಯಾಯಿತಂತೆ. ಹೇಳಿದವನು ನಿನ್ನೆ ಬಂದವನು. ಆದರೂ ವಾರ ಕಳೆಯುವುದರೊಳಗೆ ಊರಿನ ಹಿರಿಯರೆಲ್ಲ, "ಹೌದು ಹೌದು, ನಮ್ಮ ಮುತ್ತಜ್ಜನೂ ಹೀಗೆಯೇ ಹೇಳುತ್ತಿದ್ದ" ಎನ್ನತೊಡಗಿದರು.

ರಾಜ ಡಂಗುರ ಸಾರಿಸಿದ. ಕೆರೆಗೆ ಯಾರೂ ಕಾಲಿಡಕೂಡದು. ಸುತ್ತಲೂ ಕಲ್ಲಿನ ಕಟ್ಟೆ ಎದ್ದಿತು. ದೇವಿಗೆ ಕಂಠದವರೆಗೆ ಜಲಾಭಿಷೇಕವಾಗಲೆಂದು ಕೋಡಿಯನ್ನು ಎತ್ತರಿಸಿ ನೀರನ್ನು ಏರಿಸಿದರು. ದಿನವೂ ಹೂವು ಎಸೆದರು, ತುಪ್ಪ ಸುರಿದರು, ಆರತಿ ಎತ್ತಿದರು. ನೀರಿನಡಿಯಲ್ಲಿ ಬಜೆ ಉಸಿರುಗಟ್ಟಿತು. ಬೇರುಗಳು ಮೇಲೆದ್ದು ತೇಲಿದವು, ತೇಲಿದ ಬೇರುಗಳನ್ನು ಜನ ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು, ಒತ್ತಿಕೊಂಡ ಬೇರುಗಳು ಕೈಯಲ್ಲೇ ಕೊಳೆತವು. ಬಜೆ ಇದ್ದಲ್ಲಿ ಜೊಂಡು ಬೆಳೆಯಿತು. ದೂರದಿಂದ ನೋಡಿದರೆ ಎರಡೂ ಒಂದೇ ಹಸಿರು. ಹತ್ತಿರ ಹೋಗಿ ನೋಡುವುದು ನಿಷಿದ್ಧವಾಗಿತ್ತು.

ಆಮೇಲೆ ಹುಟ್ಟಿದ ಮಕ್ಕಳಿಗೆ ಜಿಹ್ವಾಸಿದ್ಧನೇ ಬೇರು ಕೊಟ್ಟ. ಜೊಂಡಿನ ಬೇರಿಗೆ ಗಂಧ ಸವರಿ ಕೊಟ್ಟ. ಮಕ್ಕಳಿಗೆ ಮಾತು ಬರಲಿಲ್ಲ. ಮಾತಿರಲಿ, ಅಳುವಿನಲ್ಲಿ ಸದ್ದಿರಲಿಲ್ಲ, ನಗುವಿನಲ್ಲಿ ಸದ್ದಿರಲಿಲ್ಲ. ಆ ಮಕ್ಕಳು ಆಡಬೇಕಿದ್ದ ಮಾತುಗಳೆಲ್ಲ ನೇರವಾಗಿ ಜಿಹ್ವಾಸಿದ್ಧನ ಗಂಟಲು ಸೇರುತ್ತಿದ್ದವು. ಅವನ ದನಿ ದಿನೇ ದಿನೇ ಇಂಪಾಯಿತು, ದಪ್ಪವಾಯಿತು, ಹಲವು ದನಿಗಳ ಮೇಳವಾಯಿತು. ಆ ದನಿ ಅಪ್ಪಣೆ ಕೊಟ್ಟರೆ ಕೇಳಿದವರ ಮೈ ತಾನಾಗಿಯೇ ಬಾಗುತ್ತಿತ್ತು. "ಇದು ನೀವು ಹಿಂದೆ ತುಳಿದ ಪಾಪದ ಫಲ" ಎಂದು ಅವನು ಹೇಳಿದಾಗ, ಮೂಕ ಮಕ್ಕಳ ತಾಯಂದಿರು ತಮ್ಮ ಕಾಲಿಗೆ ತಾವೇ ಹೊಡೆದುಕೊಂಡು ಅತ್ತರು.

ಅಂಥ ತಾಯಂದಿರಲ್ಲಿ ಜಕ್ಕಲೆ ಒಬ್ಬಳು. ಅವಳ ಗಂಡ ಗಡಿ ಕಾಯಲು ಹೋಗಿದ್ದ. ಮನೆಯಲ್ಲಿ ಅತ್ತೆ ಕೇತವ್ವ, ಮತ್ತೆ ಮೂರು ವರ್ಷದ ಮಗಳು ಹೊನ್ನಿ.

ಒಂದು ದಿನ ಹೊನ್ನಿ ಕಾಣೆಯಾದಳು. ಜಕ್ಕಲೆ ಹಿತ್ತಿಲು ಹುಡುಕಿದಳು, ಬಾವಿ ಇಣುಕಿದಳು, ಬೀದಿಯುದ್ದಕ್ಕೂ ಕೂಗಿದಳು. ಕೊನೆಗೆ ಅವಳು ಸಿಕ್ಕಿದ್ದು ಮನೆಯ ಪಕ್ಕದ ಆಡಿನ ದೊಡ್ಡಿಯಲ್ಲಿ. ತಡಿಕೆ ಬಿದ್ದು ಕಾಲು ಅದರಡಿ ಸಿಕ್ಕಿಕೊಂಡಿತ್ತು. ಜಕ್ಕಲೆ ಅದೇ ದೊಡ್ಡಿಯ ಮುಂದೆ ಎಷ್ಟು ಸಲ ಓಡಾಡಿದ್ದಳೋ! ಪ್ರತಿ ಸಲವೂ ಮಗು ಬಾಯಿ ತೆರೆದು ಕೂಗಿತ್ತು. ಬಾಯಿ ತೆರೆದಿತ್ತು, ಕೂಗು ಹೊರಟಿರಲಿಲ್ಲ.

ಜಕ್ಕಲೆ ಮಗಳ ಬಾತ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಳಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಎಲ್ಲ ನಮ್ಮ ಕಾಲಿನ ಪಾಪ ಕಣೇ" ಎಂದಳು ಕೇತವ್ವ, ಹರಳೆಣ್ಣೆ ಬಿಸಿ ಮಾಡುತ್ತ. "ಕೆರೆಗೆ ಇನ್ನೊಂದು ಕೊಡ ಹಾಲು ಹರಕೆ ಹೊತ್ತುಕೋ."

"ಅತ್ತೆ, ನೀವು ಬಜೆ ತುಳಿದಿದ್ದಿರಿ. ನಿಮ್ಮ ಮಗ ಮಾತಾಡಿದರು. ನಮ್ಮವ್ವ ತುಳಿದಿದ್ದಳು. ನಾನು ಮಾತಾಡಿದೆ. ಯಾರೂ ತುಳಿಯದ ಕಾಲದಲ್ಲಿ ಹುಟ್ಟಿದವಳು ನಮ್ಮ ಮನೆಯಲ್ಲಿ ಇವಳೊಬ್ಬಳೇ. ಇವಳಿಗೆ ಯಾವ ಪಾಪ?"

"ನಾನು ತುಳಿದಿದ್ದೆನೇ? ನನಗೆ ನೆನಪಿಲ್ಲ."

"ತುಳಿಯುವಾಗ ಸೀರೆ ಕೆಸರಾಯಿತೆಂದು ನನ್ನನ್ನು ಬೈದದ್ದು ನನಗೆ ನೆನಪಿದೆ."

"ಬೈದದ್ದು ಬೇರೆ, ತುಳಿದದ್ದು ಬೇರೆ" ಎಂದು ಕೇತವ್ವ ಎಣ್ಣೆಯ ಬಟ್ಟಲನ್ನು ಕುಟ್ಟಿ ಇಟ್ಟಳು. "ವಾಗ್ದೇವಿಯ ನಾಲಿಗೆಯಿಂದ ಬಿದ್ದ ಹನಿ ಅದು. ನಿನ್ನ ಮಾತು ಉದ್ದವಾಯಿತು."

"ಬಿದ್ದದ್ದನ್ನು ಕಂಡವರು ಯಾರು, ಅತ್ತೆ?"

ಕಂಡವರ ಹೆಸರು ಹೇಳುವ ಬದಲು ಕೇತವ್ವ ಮತ್ತಷ್ಟು ಬೈದಳು.

ಮರುದಿನ ಜಕ್ಕಲೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅರಮನೆಗೆ ಹೋದಳು. ರಾಜನ ಮುಂದೆ ನಿಂತು ಹೇಳಿದಳು: "ಪ್ರಭುಗಳೇ, ಕೆರೆಯಲ್ಲಿ ಬಜೆ ಸತ್ತಿದೆ. ಸತ್ತದ್ದು ನಮ್ಮ ಪೂಜೆಯಿಂದ. ಆ ಗಿಡಕ್ಕೆ ಹೂವು ಬೇಡ, ತುಪ್ಪ ಬೇಡ. ಕೆಸರು ಬೇಕು, ತೆಳುವಾದ ನೀರು ಬೇಕು, ಕಾಲು ಬೇಕು."

ಇರಿವಮಲ್ಲ ಸಿಂಹಾಸನದ ಮೇಲೆ ಅತ್ತಿತ್ತ ಸರಿದ. ಅವನ ತಾಯಿಯೂ ಒಂದು ಕಾಲದಲ್ಲಿ ಮೊದಲ ಮಳೆಗೆ ಕೆರೆಗಿಳಿದು ಶಾಸ್ತ್ರಕ್ಕೆಂದು ಒಂದು ಬುಡವನ್ನು ತುಳಿಯುತ್ತಿದ್ದಳು. ಅದು ಅವನಿಗೆ ಚೆನ್ನಾಗಿ ನೆನಪಿತ್ತು. "ಗುರುಗಳು ಏನು ಹೇಳುತ್ತಾರೋ…" ಎಂದ.

ಜಿಹ್ವಾಸಿದ್ಧ ನಕ್ಕ. ಆ ನಗೆಯೊಳಗೆ ಎಳೆಯ ಮಕ್ಕಳ ಕೇಕೆಯಿತ್ತು. ಸಭೆಯಲ್ಲಿದ್ದ ತಾಯಂದಿರ ಎದೆ ಜುಂ ಎಂದಿತು. ಏಕೆಂದು ಅವರಿಗೆ ತಿಳಿಯಲಿಲ್ಲ.

"ಆಗಲಿ, ತಂಗಿ" ಎಂದ ಅವನು ಹಲವು ದನಿಗಳಲ್ಲಿ. "ದೇವಿ ನಿನ್ನ ಕಾಲನ್ನು ಒಪ್ಪುವಳೋ ನೋಡೋಣ. ಕೆರೆಯಿಂದ ಜೀವವಿರುವ ಬಜೆಯ ಬೇರೊಂದನ್ನು ತಾ. ಅದನ್ನು ತುಳಿದು ಬೆಳೆಸು. ಬೆಳೆದದ್ದನ್ನು ಎಲ್ಲರೆದುರು ಕಡಿದು ಮಗಳ ನಾಲಿಗೆಗೆ ಸವರು. ಮೂರರಲ್ಲಿ ಯಾವುದೊಂದು ತಪ್ಪಿದರೂ ನಿನ್ನ ದನಿ ನನ್ನದು. ನಿನ್ನ ಮಗಳು ಎಂದೆಂದಿಗೂ ಮೂಕಿ."

"ಒಪ್ಪಿದೆ" ಎಂದಳು ಜಕ್ಕಲೆ.

"ಅಯ್ಯೋ, ಇನ್ನೊಮ್ಮೆ ಯೋಚಿಸಮ್ಮ" ಎಂದ ರಾಜ.

"ಯೋಚನೆ ಮಾಡಬೇಕಾಗಿದ್ದದ್ದು ಕೋಡಿ ಎತ್ತರಿಸುವಾಗ, ಪ್ರಭುಗಳೇ."

ಮೊದಲನೆಯದು ಬೇರು ತರುವ ಕೆಲಸ. ಕೆರೆಯಲ್ಲಿ ಜಿಹ್ವಾಸಿದ್ಧ ಮಂತ್ರದ ಮೊಸಳೆಯೊಂದನ್ನು ಬಿಟ್ಟಿದ್ದ. ಹಿಂದೆ ಅಲ್ಲಿಗಿಳಿದ ಕೆಲವರು ಅದರ ಹೊಟ್ಟೆಯಲ್ಲಿದ್ದರು. ಅವರೆಲ್ಲ ಕಟ್ಟೆ ದಾಟಿದ ಕೂಡಲೇ ವಾಡಿಕೆಯಂತೆ ಬಾಗಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯಿತು ತಾಯಿ" ಎಂದಿದ್ದರು. ಬಾಗಿದ ಕತ್ತನ್ನು ಹಿಡಿಯುವುದು ಮೊಸಳೆಗೆ ಸುಲಭವಾಗಿತ್ತು.

ಜಕ್ಕಲೆ ಕಟ್ಟೆಯ ಸುತ್ತ ನಡೆದಳು. ಒಂದು ಕಡೆ ಕಲ್ಲುಗಳು ಜಾರಿ ಬಿದ್ದಿದ್ದವು. ಬಿಡಾಡಿ ಎಮ್ಮೆಗಳು ಅಲ್ಲಿಂದ ಇಳಿದು ಹೊರಳಿ ಕೆರೆಯಂಚನ್ನು ತುಳಿದು ಕೆಸರು ಮಾಡಿದ್ದವು. ಅವುಗಳಿಗೆ ಯಾರೂ ವಾಗ್ದೇವಿಯ ಕತೆ ಹೇಳಿರಲಿಲ್ಲ. ಅಲ್ಲಿ ಜೊಂಡಿನ ನಡುವೆ ಒಂದೆರಡು ಎಲೆಗಳು ಬೇರೆ ಬಗೆಯಾಗಿ ಕಂಡವು, ನಡುನರ ಎದ್ದು ಕಾಣುವ ಎಲೆಗಳು. ಜಕ್ಕಲೆ ನೀರಿಗಿಳಿದಳು. ಅವಳ ಬಲಗೈ ಕೂಡ, ಎಷ್ಟೋ ವರ್ಷದ ಅಭ್ಯಾಸದಂತೆ, ನೀರು ಮುಟ್ಟಲು ಕೆಳಗೆ ಹೋಯಿತು. ಅವಳು ಅದನ್ನು ಹಿಡಿದೆಳೆದು ಬೆನ್ನ ಹಿಂದೆ ಇಟ್ಟುಕೊಂಡಳು.

ಮೊಸಳೆ ತಲೆಯೆತ್ತಿತು. "ಏನಮ್ಮಾ, ಕ್ಷಮೆ ಕೇಳುವುದಿಲ್ಲವೆ?"

"ಯಾತಕ್ಕೆ?"

"ವಾಗ್ದೇವಿಯ ಕೆರೆಗೆ ಕಾಲಿಟ್ಟದ್ದಕ್ಕೆ."

"ನೀನೂ ಕಾಲಿಟ್ಟಿದ್ದೀಯಲ್ಲ. ಅದೂ ನಾಲ್ಕು."

ಮೊಸಳೆಗೆ ಈ ವಿಚಾರ ಹೊಸದು. ಅದು ತನ್ನ ಮುಂಗಾಲುಗಳನ್ನು ನೋಡಿಕೊಂಡಿತು. ಹಿಂಗಾಲುಗಳನ್ನು ನೋಡಿಕೊಳ್ಳಲು ಕತ್ತು ತಿರುಗಿಸಿತು. ಮೊಸಳೆಯ ಕತ್ತು ಅಷ್ಟು ತಿರುಗುವುದಿಲ್ಲವಾದ್ದರಿಂದ ಮೈಯನ್ನೇ ತಿರುಗಿಸಿತು. "ಹೌದಲ್ಲ! ನಾನೂ ತುಳಿದೆನೆ? ನನಗೂ ಪಾಪ ಬಂದಿತೆ?"

"ಅದನ್ನು ನಿನ್ನ ಗುರುಗಳನ್ನೇ ಕೇಳು."

ಮೊಸಳೆ ತನ್ನ ಕಾಲುಗಳನ್ನು ಹುಡುಕುತ್ತ ಸುತ್ತು ಹೊಡೆಯುತ್ತಿರುವಾಗ ಜಕ್ಕಲೆ ಹೆಬ್ಬೆರಳಿನಿಂದ ಕೆಸರನ್ನು ತಡವಿದಳು. ಗಂಟುಗಂಟಾದದ್ದೇನೋ ಸಿಕ್ಕಿತು. ಎತ್ತಿ, ಉಗುರಿನಿಂದ ಗೀರಿ ಮೂಸಿದಳು. ಘಾಟು ನೆತ್ತಿಗೇರಿತು, ಕಣ್ಣಲ್ಲಿ ನೀರು ಬಂತು. ಬೇರಿನ ತುದಿಯಲ್ಲಿ ನಸುಗೆಂಪು ಮೊಳಕೆಯಿತ್ತು. ಅವಳು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಎರಡನೆಯದು ಬೆಳೆಸುವ ಕೆಲಸ. ಮನೆಯ ಹಿಂದೆ ತಗ್ಗಿನಲ್ಲಿ ಜಕ್ಕಲೆ ಒಂದು ಮಡಿ ಕಟ್ಟಿದಳು. ಹಳೆಯ ಸಗಣಿಗೊಬ್ಬರ ಹಾಕಿ, ನೀರು ಕಟ್ಟಿ, ಮಣ್ಣು ಬೆಣ್ಣೆಯಾಗುವವರೆಗೆ ತುಳಿದಳು. ಹೊನ್ನಿ ಪಕ್ಕದಲ್ಲಿ ತಾನೂ ತುಳಿದಳು, ಕೆಸರು ಕೂದಲಿಗೆಲ್ಲ ಹಾರಿತು. ಬೇರನ್ನು ಆಳಕ್ಕೆ ಇಳಿಸದೆ ಅಡ್ಡಲಾಗಿ ಮಲಗಿಸಿ, ಮೊಳಕೆಯನ್ನು ಮೇಲೆ ಬಿಟ್ಟು, ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದಳು. ಮೊದಮೊದಲು ತೇವವಷ್ಟೇ ಇರುವಂತೆ, ಎಲೆ ಎದ್ದ ಮೇಲೆ ಬೆರಳು ಮುಳುಗುವಷ್ಟು ನೀರು ನಿಲ್ಲಿಸಿದಳು. ಜೊಂಡು ತಲೆಯೆತ್ತಿದಾಗಲೆಲ್ಲ ಕಿತ್ತಳು. ಕಿತ್ತಾಗಲೆಲ್ಲ ಬಜೆಯ ಬುಡವನ್ನು ಮತ್ತೆ ಒತ್ತಿದಳು. ಬೇರು ತೆವಳಿತು, ಕವಲೊಡೆಯಿತು, ಮಡಿ ತುಂಬತೊಡಗಿತು.

ಆಗ ಜಿಹ್ವಾಸಿದ್ಧ ಒಂದು ಹಂಸವನ್ನು ಕಳಿಸಿದ. ಹಾಲಿನಂತೆ ಬಿಳಿಯಾದ ಹಂಸ. ಮಡಿಯ ಬದುವಿನ ಮೇಲೆ ಕುಳಿತು ಮಾತಾಡಿತು.

"ಜಕ್ಕಲೆ, ನೀನು ಮಹಾತಾಯಿ. ದೇವಿ ಕೆರೆಯನ್ನು ಬಿಟ್ಟು ನಿನ್ನ ಹಿತ್ತಿಲಿಗೆ ಬಂದಿದ್ದಾಳೆ. ಇಂಥ ಗಿಡವನ್ನು ಇನ್ನೂ ತುಳಿಯುವೆಯಾ? ಮಂಟಪ ಕಟ್ಟಿಸು. ಹಾಲು ಎರೆಸು. ನಿನ್ನ ಹೆಸರು ಸೂರ್ಯಚಂದ್ರರಿರುವವರೆಗೆ ಉಳಿಯುತ್ತದೆ."

"ನನ್ನ ಹೆಸರು ಉಳಿದರೆ ನನ್ನ ಮಗಳು ಮಾತಾಡುತ್ತಾಳೆಯೆ?" ಎಂದು ಜಕ್ಕಲೆ ಕಳೆ ಕೀಳುವುದನ್ನು ಮುಂದುವರಿಸಿದಳು.

ಹಂಸದ ಮಾತು ಅವಳಿಗೆ ನಾಟದಿದ್ದರೂ ಬೀದಿಗೆ ನಾಟಿತು. ಕೆರೆಯನ್ನು ಹಾಳುಮಾಡಿದ ಅದೇ ಜನ ಅದೇ ತಟ್ಟೆಗಳಲ್ಲಿ ಅರಿಸಿನ ಕುಂಕುಮ ಹಿಡಿದು ಹಿತ್ತಿಲಿಗೆ ಬಂದರು. ಜಕ್ಕಲೆ ನೀರು ತರಲು ಹೋಗಿದ್ದಾಗ ಮಡಿಯ ಬದು ಎತ್ತರಿಸಿದರು. ಎಲ್ಲರಿಗಿಂತ ಮುಂದೆ ನಿಂತು ಕೊಡದ ತುಂಬ ಹಾಲನ್ನು ಮಡಿಗೆ ಸುರಿದವಳು ಸ್ವತಃ ಕೇತವ್ವ.

ಜಕ್ಕಲೆ ಹಿಂತಿರುಗಿ ಬಂದು ನೋಡಿದಳು. ಎಲೆಗಳು ಅರ್ಧ ಮುಳುಗಿದ್ದವು. ಹಾಲು ಕೆಸರಿನೊಡನೆ ಸೇರಿ ಹುಳಿವಾಸನೆ ಎದ್ದಿತ್ತು, ನೊಣಗಳು ಮುತ್ತಿದ್ದವು.

"ಅತ್ತೆ!" ಎಂದು ಅವಳು ಕೂಗಿದ ರಭಸಕ್ಕೆ ಆಡುಗಳು ಬೆದರಿದವು. "ಮೊಮ್ಮಗಳಿಗೆ ರಾತ್ರಿ ಒಂದು ಲೋಟ ಹಾಲಿಲ್ಲ, ಕೆಸರಿಗೆ ಒಂದು ಕೊಡವೆ?"

"ಭಕ್ತಿಗೆ ಕೊಟ್ಟದ್ದನ್ನು ಲೆಕ್ಕ ಕೇಳುತ್ತೀಯಾ, ಪಾಪಿ?" ಎಂದಳು ಕೇತವ್ವ. ಆದರೆ ಅವಳ ದನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ. ಹೊನ್ನಿ ಖಾಲಿ ಕೊಡದೊಳಗೆ ಇಣುಕಿ ನೋಡುತ್ತಿದ್ದಳು.

ಜಕ್ಕಲೆ ಬದುವಿನ ಮೇಲಿದ್ದ ಹಂಸದ ಕಡೆ ತಿರುಗಿದಳು. "ಹಾಲನ್ನೂ ನೀರನ್ನೂ ಬೇರ್ಪಡಿಸುವುದು ನಿಮ್ಮ ಕುಲದ ವಿದ್ಯೆಯಂತಲ್ಲ. ಇಗೋ, ಹಾಲು ಇಲ್ಲಿದೆ, ನೀರು ಇಲ್ಲಿದೆ. ಹಾಲನ್ನು ಕುಡಿ, ನೀರನ್ನು ಬಿಡು."

"ಅದು… ಅದೆಲ್ಲ ಮುಹೂರ್ತ ನೋಡಿ ಮಾಡುವಂಥದ್ದು" ಎಂದಿತು ಹಂಸ.

"ಕುಡಿದು ತೋರಿಸು, ನೋಡೋಣ!" ಎಂದರು ಜನ, ಹುರುಪಿನಿಂದ. ಇಂಥದ್ದನ್ನು ಕೇಳಿದ್ದರೇ ಹೊರತು ಅವರಲ್ಲಿ ಯಾರೂ ಕಂಡಿರಲಿಲ್ಲ.

ಹಂಸ ವಿಧಿಯಿಲ್ಲದೆ ಕೊಕ್ಕನ್ನು ಇಳಿಸಿತು. ಹಾಲು ಬಂತು, ನೀರೂ ಬಂತು, ಕೆಸರೂ ಬಂತು. ಗಂಟಲು ಕಟ್ಟಿ ರೆಕ್ಕೆ ಬಡಿಯಿತು. ಬಡಿದ ರೆಕ್ಕೆಯಿಂದ ಬಿಳಿಯ ಪುಡಿ ಉದುರಿತು. ಸುಣ್ಣ! ಸುಣ್ಣದಡಿಯಿಂದ ಹೊರಬಿದ್ದದ್ದು ಬೂದುಬಣ್ಣದ ಒಂದು ಮುದಿ ಕೊಕ್ಕರೆ. ಅದು "ಕ್ರಾಕ್" ಎಂದು ಕೂಗಿ, ಉದ್ದನೆಯ ಕಾಲುಗಳನ್ನು ಹಿಂದಕ್ಕೆ ಚಾಚಿ ಹಾರಿಹೋಯಿತು. ಜನ ತಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಜಾರಿದರು. "ನನಗೆ ಮೊದಲೇ ಅನುಮಾನವಿತ್ತು" ಎನ್ನುತ್ತಲೇ ಜಾರಿದರು.

ಜಕ್ಕಲೆ ಬದು ಒಡೆದು ಹುಳಿನೀರನ್ನು ಹರಿಯಬಿಟ್ಟು, ಹೊಸ ನೀರು ಹಾಯಿಸಿದಳು. ಮೇಲೆದ್ದಿದ್ದ ಬೇರುಗಳನ್ನು ಒತ್ತುತ್ತ ಹೋದಳು. ಸ್ವಲ್ಪ ಹೊತ್ತಿಗೆ ಮಡಿಯ ಇನ್ನೊಂದು ತುದಿಯಿಂದ ಪಚಪಚ ಸದ್ದು ಕೇಳಿತು. ನೋಡಿದರೆ ಕೇತವ್ವ ಸೀರೆ ಎತ್ತಿ ಕಟ್ಟಿ ಬುಡಗಳನ್ನು ಒತ್ತುತ್ತಿದ್ದಳು. ಅವಳ ಕಾಲುಗಳು ಒಂದೂ ತಪ್ಪು ಹೆಜ್ಜೆ ಇಡಲಿಲ್ಲ.

"ನೆನಪಿಲ್ಲ ಅಂದಿರಿ, ಅತ್ತೆ."

"ನನಗಿಲ್ಲ. ಕಾಲಿಗಿದೆ. ಸುಮ್ಮನೆ ಕೆಲಸ ಮಾಡು."

ಮೂರನೆಯದು ಕಡಿಯುವ ಕೆಲಸ. ಮಡಿ ಒಂದು ವರ್ಷ ಕಂಡಿತು. ಬುಡದ ಎಲೆಗಳು ಹಳದಿಗೆ ತಿರುಗಿದಾಗ ಜಕ್ಕಲೆ ನೀರು ಬಸಿದು, ಕೆಸರು ಗಟ್ಟಿಯಾಗಲು ಬಿಟ್ಟಳು. ಕಡಿಯುವ ದಿನ ರಾಜ್ಯಕ್ಕೆ ರಾಜ್ಯವೇ ಹಿತ್ತಿಲ ಸುತ್ತ ನೆರೆಯಿತು. ರಾಜ ಬಂದ. ಮೂಕ ಮಕ್ಕಳನ್ನೆತ್ತಿಕೊಂಡ ತಾಯಂದಿರು ಬಂದರು. ಜಿಹ್ವಾಸಿದ್ಧ ಪಲ್ಲಕ್ಕಿಯಲ್ಲಿ ಬಂದ.

ಜಕ್ಕಲೆ ಕುಡುಗೋಲು ಹಿಡಿದು ಮಡಿಗಿಳಿದಳು. ಅಗೆದು ತೆಗೆದ ಮೊದಲ ಬುಡದ ಸುತ್ತ ಹಸಿರು ಹಾವೊಂದು ಸುತ್ತಿಕೊಂಡಿತ್ತು. ಹಾವು ಹೆಡೆಯೆತ್ತಲಿಲ್ಲ, ಬುಸುಗುಟ್ಟಲಿಲ್ಲ. ಬಾಯಿ ತೆರೆದು ಮಾತಾಡಿತು. ಅದು ಹೊನ್ನಿಯ ದನಿ.

ಜಕ್ಕಲೆ ಆ ದನಿಯನ್ನು ಹಿಂದೆಂದೂ ಕೇಳಿರಲಿಲ್ಲ. ಆದರೂ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ತೊದಲು. ಅವಳ ಕೈಯಿಂದ ಕುಡುಗೋಲು ಜಾರಿತು.

"ಮಾತೆಯೇ, ಕಡಿಯಬೇಡ" ಎಂದಿತು ಹಾವು. "ಈ ಬೇರಿನಲ್ಲಿ ನನ್ನ ಪ್ರಾಣವಿದೆ. ಕಡಿದರೆ ನಾನು ಸಾಯುವೆನು, ಮಾತೆಯೇ."

ಜನ ಹೋ ಎಂದು ಅತ್ತರು. "ಬೇಡ ಜಕ್ಕಲೆ, ಬೇಡ! ಮಗು ಬೇಡುತ್ತಿದೆ!" ಜಿಹ್ವಾಸಿದ್ಧ ಪಲ್ಲಕ್ಕಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಅವನ ತುಟಿಗಳು ಸಣ್ಣಗೆ ಅಲುಗುತ್ತಿದ್ದವು.

ಜಕ್ಕಲೆ ಬದುವಿನ ಕಡೆ ನೋಡಿದಳು. ಹೊನ್ನಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಬಾಯಿಯಲ್ಲಿ ಬೆರಳಿತ್ತು. ಮೂಗು ಸುರಿಯುತ್ತಿತ್ತು. ಆ ಮಗುವನ್ನು ನೋಡುತ್ತ ಜಕ್ಕಲೆ ಹಾವಿನ ಮಾತನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಆಡಿಕೊಂಡಳು. *ಮಾತೆಯೇ.* ನುಡಿಗೆರೆಯ ಯಾವ ಕೂಸು ತಾಯಿಯನ್ನು ಮಾತೆಯೇ ಎಂದು ಕರೆದೀತು? ಬಿದ್ದರೆ ಅವ್ವ, ಹಸಿದರೆ ಅವ್ವ, ಹೆದರಿದರೆ ಅವ್ವ. ಸಾಯುವೆನು ಎಂದು ಯಾವ ಮಗು ಹೇಳೀತು?

ಅವಳ ಮೈಯೆಲ್ಲ ಉರಿಯಿತು. "ದನಿ ನನ್ನ ಮಗಳದು, ಮಾತು ನಿನ್ನದು" ಎಂದು ಅವಳು ಪಲ್ಲಕ್ಕಿಯ ಕಡೆ ತಿರುಗಿ ಕೂಗಿದಳು. "ಮಕ್ಕಳ ಗಂಟಲು ಕದ್ದವನೇ, ಕದ್ದು ಇಷ್ಟು ಕಾಲವಾಯಿತಲ್ಲ, ಅವ್ವ ಅನ್ನುವುದನ್ನಾದರೂ ಕಲಿಯಲಿಲ್ಲವೇನೋ?"

ಕುಡುಗೋಲನ್ನೆತ್ತಿ ಬುಡದ ನಡುವೆ ಬೀಸಿದಳು. ಬೇರು ಎರಡಾಯಿತು. ಹಾವು ಒಣಗಿದ ಜೊಂಡಿನ ಎಲೆಯಾಗಿ ಕೆಸರಿಗೆ ಬಿತ್ತು. ಘಾಟು ಹಿತ್ತಿಲ ತುಂಬ ಹರಡಿತು. ಮೊದಲ ಸಾಲಿನಲ್ಲಿದ್ದವರು ಸೀನಿದರು, ರಾಜನೂ ಸೀನಿದ.

ಕೇತವ್ವ ಕಲ್ಲನ್ನು ಸಿದ್ಧವಾಗಿಟ್ಟಿದ್ದಳು. ಹೊನ್ನಿ ಹಾಲು ಬಿಟ್ಟ ಕೂಸಾದ್ದರಿಂದ ಜೇನಿನಲ್ಲಿ ತೇಯ್ದರು. ಜಕ್ಕಲೆ ಬೆರಳ ತುದಿಯಲ್ಲಿ ತೆಗೆದು ಮಗಳ ನಾಲಿಗೆಗೆ ಸವರಿದಳು.

ಹೊನ್ನಿಯ ಮುಖ ಮುದುಡಿತು. ಕಣ್ಣು ಕಿರಿದಾದವು. ನಾಲಿಗೆ ಹೊರಬಂತು. ಅವಳು ತಾಯಿಯ ಕೈಯನ್ನು ಬಲವಾಗಿ ತಳ್ಳಿ, ಜೀವನದ ಮೊದಲ ಮಾತನ್ನು ಊರಿಗೆಲ್ಲ ಕೇಳುವಂತೆ ಆಡಿದಳು.

"ಥೂ! ಒಲ್ಲೆ!"

ಜಕ್ಕಲೆ ಕೆಸರಿನಲ್ಲಿ ಕುಸಿದು ಕುಳಿತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಇನ್ನೊಮ್ಮೆ ಹೇಳು ಕಂದ, ಇನ್ನೊಮ್ಮೆ."

"ಒಲ್ಲೆ ಅವ್ವ! ಖಾರ!"

ಪಲ್ಲಕ್ಕಿಯಲ್ಲಿ ಜಿಹ್ವಾಸಿದ್ಧ ಗಂಟಲು ಹಿಡಿದುಕೊಂಡ. ಅವನ ದನಿಗಳ ಮೇಳದಿಂದ ಒಂದು ದನಿ ಕಳಚಿ ಹೋಗಿತ್ತು. "ಆ ಬೇರನ್ನು ಇಲ್ಲಿ ತಾ!" ಎಂದು ಅವನು ಗುಡುಗಿದ. ಹಿರಿಯರ ಮೈಗಳು ಎಂದಿನಂತೆ ತಾವಾಗಿಯೇ ಬಾಗಿದವು. ಆದರೆ ಹೊನ್ನಿ ಬಾಗಲಿಲ್ಲ. ಅವನಿಂದ ತನ್ನ ದನಿಯನ್ನು ಮರಳಿ ಪಡೆದವಳ ಮೇಲೆ ಆ ಮಂತ್ರ ನಡೆಯುವಂತಿರಲಿಲ್ಲ. ಅವಳು ಬೇರಿನ ತುಂಡನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೇಳಿದಳು: "ಒಲ್ಲೆ."

"ನಿಂತು ನೋಡುತ್ತೀರೇನು? ಮಕ್ಕಳನ್ನು ತನ್ನಿ!" ಎಂದು ಕೇತವ್ವ ತಾಯಂದಿರಿಗೆ ಗದರಿದಳು. ಅವಳ ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. ಬಾಗಿದ ಬೆನ್ನಿನಲ್ಲೇ ಅವಳು ತೇಯತೊಡಗಿದಳು.

ತಾಯಂದಿರು ಬಂದರು. ತೇಯ್ದದ್ದನ್ನು ಜಕ್ಕಲೆ ಒಂದೊಂದೇ ನಾಲಿಗೆಗೆ ಸವರಿದಳು. ಒಂದು ಮಗು ಕಾರಿತು, ಒಂದು ಕಚ್ಚಿತು, ಒಂದು ಓಡಿಹೋಗಲು ನೋಡಿತು. ಬಜೆ ಅಷ್ಟು ಖಾರ, ಅಷ್ಟು ಕಹಿ. ಆದ್ದರಿಂದ ಪ್ರತಿಯೊಂದು ಮಗುವಿನ ಮೊದಲ ಮಾತೂ ಅದೇ ಆಯಿತು. ಒಲ್ಲೆ. ಒಲ್ಲೆ. ಒಲ್ಲೇ! ಪ್ರತಿ "ಒಲ್ಲೆ"ಗೂ ಜಿಹ್ವಾಸಿದ್ಧನ ಗಂಟಲಿನಿಂದ ಒಂದು ದನಿ ಹೊರಟು ಒಡೆಯನನ್ನು ಸೇರಿತು. ಅವನು ಅಪ್ಪಣೆ ಮಾಡಿದ, ಶಪಿಸಿದ, ಕೊನೆಗೆ ಬೇಡಿದ; ಪ್ರತಿ ಸಲವೂ ದನಿ ತೆಳ್ಳಗಾಯಿತು. ಬಾಗಿದ್ದ ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು. ಅತ್ಯಂತ ಕೊನೆಗೆ ಉಳಿದದ್ದು ಅವನ ಸ್ವಂತ ದನಿ, ನುಸಿಯ ಗುಂಯ್‌ಗುಡುವಿಕೆಯಷ್ಟು. ಅದರಲ್ಲಿ ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಪಲ್ಲಕ್ಕಿ ಹೊತ್ತವರು ಅವನನ್ನು ಅಲ್ಲೇ ಇಳಿಸಿದರು. ಅವನು ರಾಜ್ಯದ ಗಡಿಯನ್ನು ನಡೆದೇ ದಾಟಿದ, ತನ್ನ ಎರಡು ಕಾಲಿನ ಮೇಲೆ.

ಮಂತ್ರ ಕಳೆದ ಮೊಸಳೆ ಒಂದು ಉಡವಾಗಿ ಹೊಲ ಸೇರಿತು. ರಾಜ ಕೋಡಿಯನ್ನು ಇಳಿಸಿದ, ಕಟ್ಟೆಯನ್ನು ಕೆಡವಿಸಿದ. ಕೆರೆಯ ಅಂಚು ಮತ್ತೆ ಹಿಮ್ಮಡಿ ನೀರಿಗೆ ಬಂತು. ಜನ ಮಾತ್ರ ಎಲ್ಲೆಲ್ಲೂ ಒಂದೇ ಮಾತಾಡಿದರು: "ಬಜೆಯನ್ನು ತುಳಿಯಬೇಕೆಂದು ನಮಗೆ ಮೊದಲಿಂದಲೂ ಗೊತ್ತಿತ್ತು." ಅದು ನಿಜವೂ ಆಗಿತ್ತು, ಅದಕ್ಕೇ ಕೇಳಲು ಅಸಹನೀಯವಾಗಿತ್ತು.

ಮೊದಲ ಮಳೆ ಬಿದ್ದ ದಿನ ಇರಿವಮಲ್ಲ ಮಂತ್ರಿಯೊಡನೆ, ಶಿಲ್ಪಿಗಳೊಡನೆ ಕೆರೆಗೆ ಬಂದ. ಜಕ್ಕಲೆ ಆಗಲೇ ನೀರಿನಲ್ಲಿದ್ದಳು. ತನ್ನ ಮಡಿಯಿಂದ ತಂದ ತುಂಡುಗಳನ್ನು ಊರುತ್ತಿದ್ದಳು. ರಾಜ ಏರಿಯ ಮೇಲೆ ನಿಂತು ಕೈಮುಗಿದ.

"ಜಕ್ಕಲೆ, ನಿನ್ನ ಪಾದಗಳು ಪವಿತ್ರವಾದವು. ಅವುಗಳ ಅಚ್ಚನ್ನು ಕಲ್ಲಿನಲ್ಲಿ ಕೆತ್ತಿಸಿ ಇಲ್ಲಿ ಗುಡಿ ಕಟ್ಟಿಸುತ್ತೇವೆ. ನಿತ್ಯ ಪೂಜೆ ನಡೆಯುತ್ತದೆ. ನೀನು ವಾಗ್ದೇವಿಯ ಅವತಾರವೆಂದು ಆಸ್ಥಾನದ ಕವಿಗಳು ಈಗಾಗಲೇ…"

ಜಕ್ಕಲೆ ನಡು ನೆಟ್ಟಗೆ ಮಾಡಿದಳು. ಇಷ್ಟು ಕಾಲದ ಸಿಟ್ಟೆಲ್ಲ ಒಟ್ಟಾಗಿ ಅವಳ ಮುಖಕ್ಕೆ ಬಂತು.

"ಪ್ರಭುಗಳೇ, ನನ್ನ ಪಾದ ಇಲ್ಲಿದೆ, ಕೆಸರಿನಲ್ಲಿ. ಅದಕ್ಕೆ ಗುಡಿ ಕಟ್ಟಿದರೆ ನಾಳೆ ನನ್ನ ಪಾದ ಬಿದ್ದಲ್ಲಿ ಯಾರೂ ಕಾಲಿಡಕೂಡದು ಎನ್ನುತ್ತೀರಿ. ಆಮೇಲೆ ಯಾರ ಮಕ್ಕಳು ಮೂಕರಾಗಬೇಕು? ಕೈ ಮುಗಿದದ್ದು ಸಾಕು. ಪಾದುಕೆ ಬಿಚ್ಚಿ ಇಳಿಯಿರಿ. ಕೆರೆ ದೊಡ್ಡದಿದೆ, ಮಳೆ ಬಂದಿದೆ, ಕೆಲಸ ಬಾಕಿ ಇದೆ."

ರಾಜ ಮಂತ್ರಿಯನ್ನು ನೋಡಿದ. ಮಂತ್ರಿ ಮೋಡವನ್ನು ನೋಡಿದ. ಶಿಲ್ಪಿಗಳು ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಇಳಿದರು. ಆಮೇಲೆ ರಾಜ ಇಳಿದ. ಕೆಸರು ಅವನ ಬೆರಳುಗಳ ಸಂದಿಯಿಂದ ಮೇಲೆದ್ದಾಗ ಅವನು ಹುಡುಗನಂತೆ "ಹಾ" ಎಂದ.

"ಹಾಗಲ್ಲ!" ಎಂದು ಒಂದು ಒರಟು ದನಿ ಗದರಿತು. ಹೊನ್ನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಜ್ಜಿ, ನೋಡು, ಈ ಮಾಮ ಮೊಳಕೆ ಮೇಲೇ ನಿಂತಿದ್ದಾನೆ!"

"ಮಾಮ ಅಲ್ಲ ಕಣೇ, ಮಹಾರಾಜರು."

"ಮಹಾರಾಜ ಮಾಮ, ಅತ್ತ ಸರಿ."

ಮಹಾರಾಜ ಅತ್ತ ಸರಿದ. ಸಂಜೆಯವರೆಗೆ ಊರಿಗೆ ಊರೇ ಕೆರೆಯಂಚನ್ನು ತುಳಿಯಿತು. ಯಾರ ಹೆಜ್ಜೆ ಯಾವುದೆಂದು ಗುರುತು ಸಿಗದಂತೆ ನೀರು ಎಲ್ಲವನ್ನೂ ಮುಚ್ಚಿತು. ಆ ವರ್ಷ ಬಜೆ ಎದೆಯೆತ್ತರ ಬೆಳೆಯಿತು, ಅದರ ಮರುವರ್ಷವೂ ಬೆಳೆಯಿತು. ನುಡಿಗೆರೆಯ ಮಕ್ಕಳು ಬೆಳಗಿನಿಂದ ಮಲಗುವವರೆಗೆ ಮಾತಾಡಿದರು, ಜಗಳವಾಡಿದರು, ಹೇಳಿದ್ದನ್ನು ಒಲ್ಲೆವೆಂದರು. ತಾಯಂದಿರು ಕಿವಿ ಮುಚ್ಚಿಕೊಂಡು ಬೈದರು, ಬೈದು ಮುಗಿದ ಮೇಲೆ ಕಿವಿ ತೆರೆದು ಕೇಳಿದರು. ಹೀಗೆ ಕೆಸರುಗಾಲಿನಲ್ಲಿ, ಗದ್ದಲದಲ್ಲಿ, ಅವರೆಲ್ಲ ಬಹುಕಾಲ ಸುಖವಾಗಿ ಬಾಳಿದರು.